ಹೊಸಾ ಹವಳ ಡಿಪ್ ಮಾಡಿದ್ರ ಸಾಕಲ್ಲ, ಬ್ಯಾರೆ ಟ್ಯಾಂಕ್ ಯಾಕ?

ಉಪ್ಪನೀರಿನ ಮೀನಿನ ಟ್ಯಾಂಕಿಗೆ 3 ಸಣ್ಣ ಝೋವಾ (ಹೂವಿನಂಥಾ ಮೆತ್ತನ ಹವಳ) ಫ್ರಾಗ್, ಅಂದ್ರ ಕತ್ತರಿಸಿದ ತುಂಡ, ಮನ್ಯಾಗ ಜಾಗ ಇಲ್ಲ, ಯಾವ ಡಿಪ್ (ಹುಳ ಕೊಲ್ಲಾಕ ಹವಳ ಅದ್ದೋ ಔಷಧಿ ನೀರ) ಛಲೋ ಹೇಳ್ರಿ ಅಂತ ಕೇಳೀರಿ. 4 ವರ್ಷದ ಹಿಂದ ನಾನೂ ಇದನ್ನ ಕೇಳಿದ್ನಿರಿ, ಯಾರರ ಉತ್ತರ ಕೊಡೋದ್ರಾಗ ಹವಳ ಮೇನ್ ಟ್ಯಾಂಕಿನ್ಯಾಗ ಇಟ್ಟೂ ಬಿಟ್ಟಿದ್ನಿ.

ನಮ್ಮದು ಹುಬ್ಬಳ್ಳಿ ವಿದ್ಯಾನಗರ. 200 ಲೀಟರ್ ಟ್ಯಾಂಕ್, ಜೋಡಿ ಕ್ಲೌನ್ ಮೀನ, 2 ವರ್ಷ ಮಕ್ಕಳಂಗ ಸಾಕಿದ ಝೋವಾ ಒಂದ ಕಲ್ಲಿನ ತುಂಬ. ಬೆಂಗಳೂರಿಂದ ರಾತ್ರಿ ಬಸ್ಸಿಗೆ ಥರ್ಮಾಕೋಲ್ ಡಬ್ಬಿ ಬಂತು, ಬೆಳಿಗ್ಗೆ 6ಕ್ಕ ಹೊಸೂರ ಸರ್ಕಲ್ಲಿಗೆ ಹೋಗಿ ಇಳಿಸಿಕೊಂಡೆ. ಡಿಪ್ ಬಾಟ್ಲಿ ಮ್ಯಾಲ ಬರದಂಗ 10 ನಿಮಿಷ ಡಿಪ್ ಮಾಡಿದೆ, ಸಿರಿಂಜಿಲೆ ನೀರ ಚಿಮ್ಮಿಸಿದೆ. ಬೋಗುಣಿ ತಳಕ್ಕ 5 ಸಣ್ಣ ಹುಳ ಬಿದ್ದವು. ನ್ಯೂಡಿಬ್ರಾಂಕ್ ಅಂತಾರಲ್ರಿ, ಚಿಪ್ಪಿಲ್ಲದ ಸಮುದ್ರದ ಬಸವನಹುಳ, ಝೋವಾ ತಿಂದ ತಿಂದ ಅದರ ಬಣ್ಣಾನ ತಮ್ಮ ಮೈಗೆ ಹಚಗೊಂಡಿರ್ತಾವು. ನನಗ ಖುಷಿನೋ ಖುಷಿ, ಎಲ್ಲಾ ಉದುರಿದ್ವು ಅಂತ ಫೋಟೋ ಹೊಡದ ಗೆಳ್ಯಾರಿಗೆ ಕಳಿಸಿದ್ನಿ.

ಅಲ್ಲೇ ಕೆಟ್ಟಿದ್ದು ನೋಡ್ರಿ. ಬೋಗುಣಿ ಒಳಗ ಹುಳ ಕಂಡ್ವು ಅಂದ್ರ ಕೆಲಸ ಮುಗೀತು ಅಂತಲ್ಲ, ದೊಡ್ಡ ಹುಳ ಇದ್ದಲ್ಲೆ ತತ್ತಿನೂ ಇರ್ತಾವು ಅಂತ. ಡಿಪ್ ಹುಳಾನ ಕೊಲ್ತೈತಿ, ತತ್ತಿಗೆ ಏನೂ ಆಗಂಗಿಲ್ಲ. ಪ್ಲಗ್ (ಹವಳ ಅಂಟಿಸಿದ ಸಣ್ಣ ಬಿಲ್ಲಿ) ತಿರುವಿ ಹಾಕಿ ಬುಡ ನೋಡಿದ್ರ ಸುರುಳಿ ಸುತ್ತಿದ ಬಿಳಿ ಲೋಳಿಯಂಥಾದ್ದು ಕಾಣ್ತಿತ್ತೋ ಏನೋ, ನಾ ತಿರುವಲೇ ಇಲ್ಲ. ಹವಳ ಮ್ಯಾಲಿಂದ ಚಂದ ಕಾಣ್ತಿತ್ತು, ಮ್ಯಾಲಷ್ಟ ನೋಡಿದೆ. ಪ್ಲಗ್ ಕಿತ್ತ ಒಗದ ಹೊಸಾದಕ್ಕ ಅಂಟಿಸಿದ್ರೂ ಅರ್ಧ ತ್ರಾಸ ತಪ್ತಿತ್ತು, ಅದೂ ಮಾಡ್ಲಿಲ್ಲ. 3ನೇ ವಾರಕ್ಕ ಹಳೇ ಝೋವಾ ಬಾಯಿ ತಗೀಲಾರದಂಗ ಮುಚಗೊಂಡ ಕುಂತ್ವು. ನಾನು ನೀರ ಕೆಟ್ಟೈತಿ ಅಂತ ನೀರ ಬದಲಿ ಮಾಡಿದ್ದೇ ಮಾಡಿದ್ದು. ರಾತ್ರಿ ಟಾರ್ಚ್ ಹಾಕಿ ನೋಡಿದಾಗ ಗೊತ್ತಾತು, ಅವ ಹುಳ ಅಂತ. ಕಡೀಕ ಉಳದಿದ್ದು ಬೆರಳ ಮ್ಯಾಲ ಎಣಸೋವಷ್ಟ.

ಸಿಟ್ಟಿಗೆ ಆ ಕಲ್ಲ ಕುದಿಸಿಬಿಡೂಣು ಅಂದಿದ್ದೆ, ಪುಣ್ಯಕ್ಕ ಒಬ್ಬಾಂವ ತಡದ. ಝೋವಾದಾಗ ಪಾಲಿಟಾಕ್ಸಿನ್ ಅನ್ನೋ ಭಾಳ ಕೆಟ್ಟ ವಿಷ ಇರಬಹುದು, ಕುದಿಸಿದ್ರ ಹಬಿ ಜೋಡಿ ಮೂಗಿಗೆ ಹೋಗಿ ಮನಿಮಂದಿ ಎಲ್ಲಾ ದವಾಖಾನಿ ಸೇರಬೇಕಾಕ್ಕೈತಿ. ಕತ್ತರಿಸೋ ಮುಂದೂ ಕೈಗವಸು, ಕನ್ನಡಕ ಬೇಕ ಬೇಕು.

ಹಂಗಾಗಿ ಯಾವ ಡಿಪ್ ಅನ್ನೋ ಪ್ರಶ್ನಿನ ತಪ್ಪರಿ. ಬಾಟ್ಲಿ ಯಾವದರ ಇರ್ಲಿ, ಬೇಕಾಗಿದ್ದು ದಿನ. 30-40 ಲೀಟರಿನ ಬರೇ ಟ್ಯಾಂಕ್, ಉಸುಕ ಬ್ಯಾಡ, ಕಲ್ಲ ಬ್ಯಾಡ, ಹೀಟರ್, ಸಣ್ಣ ಪಂಪ್, ಒಂದ ಲೈಟ್, ಸಾಕು. ಮೇನ್ ಟ್ಯಾಂಕಿನ ನೀರ ತಗದಾಗ ಅದನ್ನ ಹಾಕ್ರಿ. ವಾರಕ್ಕೊಮ್ಮೆ ಡಿಪ್, ತತ್ತಿಯಿಂದ ಹೊರಬಂದದ್ದು ತಿರುಗಿ ತತ್ತಿ ಇಡೂದ್ರಾಗ ಸಾಯಬೇಕು. ನಾನಂತೂ 6 ವಾರ ಬಿಡ್ತೇನಿ. ಮೀನಿನ ಬಿಳಿ ಚುಕ್ಕಿ ರೋಗ ಕಲ್ಲಿಗೆ ಅಂಟಿ ಬರ್ತೈತಿ ಅನ್ನೋ ಭಯಕ್ಕ ಮೀನಿಲ್ಲದ ಟ್ಯಾಂಕಿನ್ಯಾಗ 76 ದಿನ ಇಡೋವ್ರೂ ಅದಾರ. ಅದಕ್ಕಂತ ತಾಮ್ರದ ಔಷಧಿ ಮಾತ್ರ ಹಾಕಬ್ಯಾಡ್ರಿ, ಹವಳಾನ ಸಾಯ್ತೈತಿ. ಇನ್ನ ನಮ್ಮ ಕಡೆ ಏಪ್ರಿಲ್ ಬಿಸಲಿಗೆ ಸಣ್ಣ ಟ್ಯಾಂಕಿನ ನೀರ ಬೇಗ ಆರಿ ಉಪ್ಪ ಏರ್ತೈತಿ, ಉಪ್ಪಿನ ಅಳತಿ (ನೀರಿನ ಸಾಪೇಕ್ಷ ಸಾಂದ್ರತೆ) 1.025ಕ್ಕ ನಿಲ್ಲಬೇಕಂದ್ರ ಮುಂಜಾನೆ ಸಂಜಿಗೆ ಆರ್‌ಓ ನೀರ ಹಾಕ್ರಿ.

ಜಾಗ ಇಲ್ಲ ಅನ್ನಬ್ಯಾಡ್ರಿ. ನಂದು ದೇವರ ಮನಿ ಬಾಜೂಕ ಸ್ಟೂಲ್ ಮ್ಯಾಲ ಐತಿ, ಅವ್ವ ದಿನಾ ಬೈತಾಳ, ಅಡಿಗಿ ಮನ್ಯಾಗ ಇಡಲಾರದಕ್ಕ ಸುಮ್ನದಾಳ.

ಈಗಾಗ್ಲೆ ಮೇನ್ ಟ್ಯಾಂಕಿಗೆ ಹಾಕಿಬಿಟ್ಟಿದ್ರ, ಇವತ್ತ ರಾತ್ರಿ ಲೈಟ್ ಆರಿಸಿ 2 ತಾಸ ಬಿಟ್ಟ ಟಾರ್ಚ್ ಹಿಡದ ನೋಡ್ರಿ, ಮುಚಗೊಂಡ ಪಾಲಿಪ್ (ಝೋವಾದ ಒಂದೊಂದ ಹೂ) ಬುಡದಾಗ.