ಹುಲ್ಲಿನ ಮೇಲಿನ ಆ ಕಂದು ಚುಕ್ಕೆ

ನಿಮ್ಮ ಪತ್ರ ತಲುಪಿತು. ಹುಲ್ಲಿನ ಗರಿಗಳ ಮೇಲೆ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆಗಳು ಬಿದ್ದಿವೆ, ಶಿಲೀಂಧ್ರ ರೋಗವಂತೆ, ಎದ್ದು ಓಡಲೂ ಆಗದ ಹುಲ್ಲು ಸುಮ್ನೆ ಬಲಿಯಾಗಬೇಕಾ ಎಂದು ಕೇಳಿದ್ದೀರಿ. ಇಲ್ಲ. ಆ ಚುಕ್ಕೆಗಳನ್ನು ಹುಲ್ಲೇ ಮಾಡಿಕೊಂಡಿರಬಹುದು!

ಭತ್ತ, ಗೋಧಿ, ಜೋಳ ಎಲ್ಲವೂ ಹುಲ್ಲಿನ ಕುಟುಂಬದವೇ ಅಲ್ವಾ? ಭತ್ತಕ್ಕೆ ಬೆಂಕಿ ರೋಗ ತರುವ ಶಿಲೀಂಧ್ರದ ಬೀಜಕ, ಅಂದರೆ ಬೀಜದಂಥ ಸೂಕ್ಷ್ಮ ಕಣ, ಒದ್ದೆ ಎಲೆಗೆ ಅಂಟಿಕೊಂಡು ಗುಮ್ಮಟದಂಥ ಗುಳ್ಳೆ ಕಟ್ಟುತ್ತದೆ. ಅದರೊಳಗಿನ ಒತ್ತಡ ವಾತಾವರಣದ ಒತ್ತಡದ 80 ಪಟ್ಟಿನವರೆಗೂ ಏರುತ್ತದೆ. ಆ ಬಲದಲ್ಲೇ ಎಲೆಗೆ ತೂತು ಕೊರೆಯುತ್ತದೆ.

ಇದಕ್ಕೆ ಹುಲ್ಲಿನ ಮೊದಲ ಅಡ್ಡಿ ಸಿಲಿಕಾ, ಮರಳಿನಲ್ಲಿರುವ ಗಟ್ಟಿ ವಸ್ತು. ಮಣ್ಣಿನಿಂದ ಹೀರಿ ಎಲೆಯ ಹೊರಪದರದಲ್ಲಿ ತುಂಬಿಟ್ಟುಕೊಳ್ಳುತ್ತದೆ. ಹುಲ್ಲು ಕೀಳುವಾಗ ಬೆರಳು ಕೊಯ್ಯುವುದೂ ಇದರಿಂದಲೇ. ಅದನ್ನೂ ದಾಟಿದರೆ? ಶಿಲೀಂಧ್ರದ ಮೈಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ, ಏಡಿಯ ಚಿಪ್ಪಿನಲ್ಲಿರುವಂಥದ್ದೇ. ಗಿಡಗಳಲ್ಲಿ ಅದಿಲ್ಲ. ಹಾಗಾಗಿ ಅದರ ಒಂದು ಚೂರು ತಾಗಿದರೂ ಹೊರಗಿನವನು ಬಂದನೆಂದು ಕೋಶಕ್ಕೆ ಗೊತ್ತಾಗುತ್ತದೆ, ಚುಚ್ಚುತ್ತಿರುವ ಜಾಗಕ್ಕೆ ಸರಿಯಾಗಿ ಒಳಗಿನಿಂದ ತೇಪೆ ಹಾಕುತ್ತದೆ, ಕೈಟಿನ್ ಕತ್ತರಿಸುವ ಕಿಣ್ವಗಳನ್ನೂ ಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜೋಳ ಮಾಡುವ ಕೆಲಸ. ಚಿಬ್ಬು ರೋಗದ ಶಿಲೀಂಧ್ರ ಒಂದು ಕೋಶಕ್ಕೆ ಕೈ ಹಾಕಿತು ಅಂದುಕೊಳ್ಳಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆ ಕೋಶದೊಳಗೆ ಬಣ್ಣವಿಲ್ಲದ ಪುಟ್ಟ ಗುಂಡುಗಳು ಹುಟ್ಟಿ, ಶತ್ರು ನುಗ್ಗುತ್ತಿರುವ ಕಡೆಗೇ ಸರಿಯುತ್ತಾ, ದೊಡ್ಡದಾಗುತ್ತಾ, ಕೆಂಪಾಗುತ್ತಾ ಹೋಗಿ ಕೊನೆಗೆ ಒಡೆದುಬಿಡುತ್ತವೆ. ಹೊರಬಿದ್ದ ಕೆಂಪು ಬಣ್ಣ ಶಿಲೀಂಧ್ರಕ್ಕೆ ವಿಷ. ಕೋಶಕ್ಕೂ ವಿಷವೇ. ಇಬ್ಬರೂ ಸಾಯುತ್ತಾರೆ, ಎಲೆ ಉಳಿಯುತ್ತದೆ.

ತುಕ್ಕು ರೋಗದ ಶಿಲೀಂಧ್ರಕ್ಕೆ ಜೀವಂತ ಕೋಶವೇ ಊಟ. ಅದು ಬಂದ ಜಾಗದ ಕೋಶಗಳು ಬೇಗ ಸತ್ತುಹೋದರೆ ಅದು ಹಸಿದು ಅಲ್ಲೇ ನಿಲ್ಲುತ್ತದೆ. ಉಳಿಯುವುದು ಒಂದು ಚುಕ್ಕೆ. ಆದರೆ ಸತ್ತ ಕೋಶವನ್ನೇ ತಿನ್ನುವ ಶಿಲೀಂಧ್ರಗಳೂ ಇವೆ, ಅವುಗಳ ಮುಂದೆ ಈ ಉಪಾಯ ತಿರುಗುಬಾಣ.

ಈಗ ನಿಮ್ಮ ಹುಲ್ಲು. ಚುಕ್ಕೆಯನ್ನು ಬೆರಳಿನಿಂದ ಉಜ್ಜಿ ನೋಡಿ. ತುಕ್ಕಿನ ಬಣ್ಣದ ಪುಡಿ ಅಂಟಿದರೆ ಶಿಲೀಂಧ್ರ ಆಗಲೇ ಬೀಜಕ ಹರಡುತ್ತಿದೆ. ಪುಡಿ ಬರದೆ, ಒಂದು ವಾರವಾದರೂ ಚುಕ್ಕೆ ಅಷ್ಟಕ್ಕೇ ನಿಂತಿದ್ದರೆ ದಯವಿಟ್ಟು ಔಷಧಿ ಹೊಡೆಯಬೇಡಿ. ಯೂರಿಯಾ ಜಾಸ್ತಿ ಹಾಕುತ್ತಿದ್ದರೆ ಕಡಿಮೆ ಮಾಡಿ, ಅದರಿಂದ ಎಲೆ ಮೆತ್ತಗಾಗುತ್ತದೆ. ಸಂಜೆ ನೀರು ಹಾಯಿಸುವ ಅಭ್ಯಾಸವಿದ್ದರೆ ಬೆಳಿಗ್ಗೆಗೆ ಬದಲಾಯಿಸಿ, ರಾತ್ರಿಯೆಲ್ಲ ಒದ್ದೆ ಇರುವ ಎಲೆ ಬೀಜಕಕ್ಕೆ ಬಲು ಇಷ್ಟ.

– ಸಂಪಾದಕ