ಪ್ರೋಟೀನ್ ಕತ್ತರಿಸುವ ಎಂಜೈಮ್‌ಗಳಿಂದ ಲಿವರ್‌ಗೆ ಒಳ್ಳೆಯದಾ, ಕೆಟ್ಟದ್ದಾ?

ನಿಮ್ಮ ರಿಪೋರ್ಟ್‌ನಲ್ಲಿ ಫೈಬ್ರೋಸಿಸ್, ಅಂದರೆ ಲಿವರ್‌ನಲ್ಲಿ ಗಾಯದ ಕಲೆ, ಎಂದು ಬಂದಿದೆ. ಪ್ರೋಟೀನ್ ಕತ್ತರಿಸುವ ಎಂಜೈಮ್ ಆ ಕಲೆಯನ್ನು ಕರಗಿಸುತ್ತದೆ, ಗುಳಿಗೆ ತಗೊಳ್ಳಿ ಎಂದು ಒಬ್ಬರು ಹೇಳಿದ್ದಾರೆ. ಅದೇ ಎಂಜೈಮ್ ಲಿವರ್ ಹಾಳು ಮಾಡುತ್ತದೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಯಾರ ಮಾತು ನಂಬಲಿ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಆದರೆ ಲ್ಯಾಬ್‌ನಲ್ಲಿ ಕೆಲವು ವರ್ಷ ಈ ಎಂಜೈಮ್‌ಗಳನ್ನೇ ಅಳೆಯುತ್ತಿದ್ದೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಗುಳಿಗೆ ವಿಷಯ ಮಾತ್ರ ಸರಿಯಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ರಿಪೋರ್ಟ್‌ನಲ್ಲಿ ಬರೋ ಎಎಲ್‌ಟಿ, ಎಎಸ್‌ಟಿ ಕೂಡ ಎಂಜೈಮ್‌ಗಳೇ, ಆದರೆ ಅವು ಪ್ರೋಟೀನ್ ಕತ್ತರಿಸುವುದಿಲ್ಲ. ಲಿವರ್ ಕೋಶಕ್ಕೆ ಪೆಟ್ಟಾದಾಗ ಅವು ರಕ್ತಕ್ಕೆ ಸೋರುತ್ತವೆ, ಅಷ್ಟೇ.

ಕಲೆ ಎಂದರೆ ಮುಖ್ಯವಾಗಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್. ಅದನ್ನು ಕತ್ತರಿಸುವ ಎಂಜೈಮ್‌ಗಳ ಗುಂಪಿಗೆ ಎಂಎಂಪಿ ಎನ್ನುತ್ತಾರೆ. ನಾವು ಜೆಲಟಿನ್ (ಕೊಲಾಜನ್‌ನಿಂದಲೇ ಬರುವ ಪ್ರೋಟೀನ್) ಬೆರೆಸಿದ ತೆಳುವಾದ ಜೆಲ್‌ನಲ್ಲಿ ಸ್ಯಾಂಪಲ್ ಓಡಿಸಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟು, ಬೆಳಿಗ್ಗೆ ನೀಲಿ ಬಣ್ಣ ಹಾಕುತ್ತಿದ್ದೆವು. ಜೆಲ್ ಪೂರ್ತಿ ನೀಲಿ. ಎಂಜೈಮ್ ಜೆಲಟಿನ್ ತಿಂದು ಹಾಕಿದ ಜಾಗದಲ್ಲಿ ಮಾತ್ರ ಬಣ್ಣವಿಲ್ಲದ ಪಟ್ಟಿ. ಕಲೆ ತುಂಬಿದ ಇಲಿ ಲಿವರ್‌ನಲ್ಲಿ ಈ ಪಟ್ಟಿ ಮಂಕಾಗಿರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಆ ಗುಂಪಿನ ಎಂಎಂಪಿ-2ರ ಪಟ್ಟಿ ಚೆನ್ನಾಗಿರುವ ಲಿವರ್‌ಗಿಂತ ದಪ್ಪ! ಇಷ್ಟು ಎಂಜೈಮ್ ಇದ್ದೂ ಕಲೆ ಯಾಕೆ ಕರಗಿಲ್ಲ?

ಎಂಜೈಮ್‌ಗೆ ಬೀಗ ಬಿದ್ದಿರುತ್ತದೆ. ಲಿವರ್‌ಗೆ ಪೆಟ್ಟು ಬೀಳುತ್ತಲೇ ಇದ್ದರೆ ಅಲ್ಲೇ ಇರುವ ಸ್ಟೆಲೇಟ್ ಎಂಬ ಕೋಶಗಳು ಎಚ್ಚೆತ್ತು ಕೊಲಾಜನ್ ಸುರಿಯುತ್ತವೆ. ಜೊತೆಗೆ ಟಿಂಪ್-1 ಎಂಬ ಪ್ರೋಟೀನನ್ನೂ ತಯಾರಿಸುತ್ತವೆ. ಅದು ಎಂಎಂಪಿಗಳನ್ನು ಹಿಡಿದು ಕೂರಿಸುತ್ತದೆ. ಜೆಲ್ ಓಡಿಸುವಾಗ ಆ ಹಿಡಿತ ಬಿಟ್ಟುಹೋಗುತ್ತದೆ, ಅದಕ್ಕೇ ನನಗೆ ದಪ್ಪ ಪಟ್ಟಿ ಕಂಡಿದ್ದು. ಇನ್ನೊಂದು ತೊಂದರೆ ಇದೆ. ಎಂಎಂಪಿ-2 ಕಲೆಯ ಗಟ್ಟಿ ಕೊಲಾಜನ್‌ಗಿಂತ ಕೋಶಗಳ ಕೆಳಗಿನ ಒಳ್ಳೆಯ ಪೊರೆಯನ್ನು ಸುಲಭವಾಗಿ ಕತ್ತರಿಸುತ್ತದೆ. ಪೊರೆ ಹೋದರೆ ಸ್ಟೆಲೇಟ್ ಕೋಶಗಳು ಇನ್ನೂ ಕೆರಳುತ್ತವೆ. ನಿಮ್ಮನ್ನು ಹೆದರಿಸಿದವರ ಮಾತಿನಲ್ಲಿ ಇರುವ ನಿಜ ಇದು.

ಪೆಟ್ಟು ನಿಂತರೆ ಲೆಕ್ಕವೇ ಬದಲಾಗುತ್ತದೆ. ಕಲೆ ಬರಿಸಲು ಇಲಿಗಳಿಗೆ ಕೊಡುತ್ತಿದ್ದ ವಿಷ ನಿಲ್ಲಿಸಿದಾಗ ಎಚ್ಚೆತ್ತ ಸ್ಟೆಲೇಟ್ ಕೋಶಗಳಲ್ಲಿ ಹಲವು ಸಾಯುತ್ತವೆ, ಟಿಂಪ್-1 ಇಳಿಯುತ್ತದೆ, ಅಲ್ಲೇ ಇದ್ದ ಎಂಜೈಮ್‌ಗಳು ಬಿಡುಗಡೆಯಾಗಿ ಕಲೆ ತೆಗೆಯಲು ಶುರು ಮಾಡುತ್ತವೆ. ಮನುಷ್ಯರಲ್ಲೂ ಹೆಪಟೈಟಿಸ್ ಸಿ ವಾಸಿಯಾದ ಮೇಲೆ ಎಷ್ಟೋ ಜನರ ಫೈಬ್ರೋಸಿಸ್ ಕಡಿಮೆಯಾಗಿದೆ. ಕಲೆ ಶಾಶ್ವತ ಎಂದು ಯಾರಾದರೂ ಹೇಳಿದ್ದರೆ ದಯವಿಟ್ಟು ಹಾಗೆ ಕೈಚೆಲ್ಲಿ ಕೂರಬೇಡಿ.

ಹೆಪಟೈಟಿಸ್ ಸಿ ಎಂದಾಗ ನೆನಪಾಯಿತು. ಆ ವೈರಸ್‌ಗೂ ತನ್ನದೇ ಕತ್ತರಿ ಇದೆ. ಅದರ ಪ್ರೋಟೀನ್‌ಗಳು ಒಂದೇ ಉದ್ದ ಸರವಾಗಿ ತಯಾರಾಗುತ್ತವೆ. ಎನ್‌ಎಸ್3/4ಎ ಎಂಬ ಎಂಜೈಮ್ ಆ ಸರದ ಹಲವು ಕಡೆ ತುಂಡರಿಸಿದರೆ ಮಾತ್ರ ವೈರಸ್ ಬೆಳೆಯುತ್ತದೆ. ವೈರಸ್ ಬಂದಿದೆ ಎಂದು ಕೋಶ ಕೂಗಿ ಹೇಳಲು ಬಳಸುವ ಪ್ರೋಟೀನನ್ನೂ ಅದು ಕತ್ತರಿಸಿಬಿಡುತ್ತದೆ. ಈ ಎಂಜೈಮನ್ನು ತಡೆಯುವ ಮೊದಲ ಮಾತ್ರೆಗಳು 2011ರಲ್ಲಿ ಬಂದವು. ಈಗ ಅಂಥ ಔಷಧಿಯನ್ನು ಬೇರೆಯದರ ಜೊತೆ ಸೇರಿಸಿ ಕೊಡುತ್ತಾರೆ. ಬಹಳಷ್ಟು ಜನರಿಗೆ 8 ರಿಂದ 12 ವಾರ ಸಾಕು.

ಇನ್ನು ಗುಳಿಗೆ. ನುಂಗಿದ ಎಂಜೈಮ್ ಲಿವರ್‌ವರೆಗೆ ಹೋಗಿ, ಕಲೆಯನ್ನೇ ಹುಡುಕಿ, ಬೀಗ ಒಡೆದು ಕತ್ತರಿಸುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಸುಮ್ನೆ ದುಡ್ಡು ಹಾಕಬೇಡಿ. ಡಾಕ್ಟರ್ ಹತ್ತಿರ ಹೋದಾಗ ಫೈಬ್ರೋಸಿಸ್‌ಗೆ ಕಾರಣ ಏನು ಎಂದು ಬಿಡದೆ ಕೇಳಿ: ಕೊಬ್ಬಾ, ಮದ್ಯವಾ, ಹೆಪಟೈಟಿಸ್ ಬಿ, ಸಿ ಟೆಸ್ಟ್ ಆಗಿದೆಯಾ, ಈಗ ತಗೊಳ್ಳುತ್ತಿರುವ ಯಾವುದಾದರೂ ಔಷಧಿಯಾ. ಮತ್ತೆ ಸ್ಕ್ಯಾನ್ ಯಾವಾಗ ಮಾಡಿಸಬೇಕು ಎಂದೂ ಕೇಳಿ ಬರೆದುಕೊಳ್ಳಿ.