ಮನೆ ಹಿಂದಿನ ಸಣ್ಣ ಈಜುಕೊಳಕ್ಕೆ ಎಷ್ಟು ಎಚ್‌ಪಿ ಪಂಪ್ ಬೇಕು, ಯಾವ ಫಿಲ್ಟರ್ ಹಾಕಿಸಬೇಕು?

ಬಳ್ಳಾರಿಯಲ್ಲಿ ಮನೆ ಹಿಂದೆ ಮಕ್ಕಳಿಗೆ ಅಂತ 12 ಅಡಿ ಉದ್ದ, 8 ಅಡಿ ಅಗಲದ ಕೊಳ ಕಟ್ಟಿಸಿದ್ದೀರಿ, ಮೂರೂವರೆ ಅಡಿ ನೀರು ನಿಲ್ಲುತ್ತೆ. ಅಂಗಡಿಯವರು ಒಂದು ಎಚ್‌ಪಿ ಪಂಪ್ ತಗೊಳ್ಳಿ, ಫಿಲ್ಟರ್ ಯಾವುದಾದರೂ ನಡೆಯುತ್ತೆ ಅಂತಿದ್ದಾರೆ. ಸರೀನಾ ಅಂತ ಕೇಳಿದ್ದೀರಿ. ಸರಿ ಅಲ್ಲ, ಪೂರಾ ಉಲ್ಟಾ. ಮೊದಲು ಫಿಲ್ಟರ್ ಆರಿಸಿ, ಆಮೇಲೆ ಅದಕ್ಕೆ ತಕ್ಕ ಸಣ್ಣ ಪಂಪ್ ಹುಡುಕಿ. ನಾನು ಇದೇ ತಪ್ಪು ಮಾಡಿ ದುಡ್ಡು ಕಳೆದುಕೊಂಡವನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಗಂಗಾವತಿ. ಕೊಳ ನಿಮ್ಮದಕ್ಕಿಂತ ಸ್ವಲ್ಪ ದೊಡ್ಡದು. ಶುರುವಿನಲ್ಲಿ ನಮ್ಮ ಪ್ಲಂಬರ್ ಬಂದು, 'ಸಾರ್, ದೊಡ್ಡದೇ ಹಾಕ್ರಿ, ನೀರು ಜೋರು ತಿರುಗತೈತಿ, ಜಲ್ದಿ ಸ್ವಚ್ಛ ಆಗತೈತಿ' ಅಂದ. ನನಗೂ ಸರಿ ಅನ್ನಿಸಿತು. ಮನೆ ಮೇಲಿನ ಟ್ಯಾಂಕಿಗೆ ನೀರು ಏರಿಸುತ್ತೀವಲ್ಲ, ಅಂಥದ್ದೇ ಒಂದು ಎಚ್‌ಪಿ ಮೋನೋಬ್ಲಾಕ್ ತಂದು 400 ಎಂಎಂ ಮರಳು ಫಿಲ್ಟರ್‌ಗೆ ಜೋಡಿಸಿದ. ಎಂಟು ದಿನ ಆಗಿತ್ತು ಅಷ್ಟೇ. ಒಂದು ಬೆಳಿಗ್ಗೆ ಕೊಳಕ್ಕೆ ಇಳಿದರೆ ಕಾಲಡಿ ಚರಚರ ಅನ್ನುತ್ತಿದೆ. ಬಗ್ಗಿ ಕೈಹಾಕಿ ಎತ್ತಿದರೆ ಮರಳು! ಫಿಲ್ಟರ್ ಒಳಗೆ ಇರಬೇಕಾದ ಮರಳು ನೀರು ವಾಪಸ್ ಬರುವ ಪೈಪಿನಿಂದ ಕೊಳಕ್ಕೇ ಬಂದು ಗುಡ್ಡೆ ಬಿದ್ದಿತ್ತು. ಬಿಚ್ಚಿ ನೋಡಿದರೆ ತಳದಲ್ಲಿ ಸೀಳು ಸೀಳು ಇರುವ ಪ್ಲಾಸ್ಟಿಕ್ ಬೆರಳುಗಳು ಇರುತ್ತವೆ ನೋಡಿ, ಅದರಲ್ಲಿ ಎರಡು ಮುರಿದಿದ್ದವು.

ಟ್ಯಾಂಕಿಗೆ ನೀರು ಏರಿಸುವ ಪಂಪ್ ಇರೋದು ಎತ್ತರಕ್ಕೆ ತಳ್ಳೋಕೆ. ಅದರ ಮೇಲೆ ಹೆಡ್ (ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಅನ್ನೋ ಅಳತೆ) 30 ಮೀಟರ್ ಅಂತ ಬರೆದಿದ್ದರೆ ದಾರಿ ಕಟ್ಟಿದಾಗ ಚದರ ಸೆಂಟಿಮೀಟರಿಗೆ ಸುಮಾರು 3 ಕೆಜಿ ಒತ್ತಡ ಹಾಕಬಲ್ಲದು ಅಂತ ಅರ್ಥ, 10 ಮೀಟರಿಗೆ ಒಂದು ಕೆಜಿ ಲೆಕ್ಕ. ಮನೆ ಕೊಳದ ಫಿಲ್ಟರ್‌ಗಳು ಸಾಮಾನ್ಯವಾಗಿ ಎರಡೂವರೆ ಕೆಜಿವರೆಗೆ ತಡೆಯುತ್ತವೆ ಅಷ್ಟೇ. ಕೊಳದ ಪಂಪ್ ಬೇರೆ ಜಾತಿ. ಎತ್ತರಕ್ಕೆ ಎಸೆಯಲ್ಲ, ಕಡಿಮೆ ಒತ್ತಡದಲ್ಲಿ ಜಾಸ್ತಿ ನೀರು ಸಾಗಿಸುತ್ತೆ. ಮೈ ಪ್ಲಾಸ್ಟಿಕ್ ಆದ್ದರಿಂದ ಕ್ಲೋರಿನ್‌ಗೆ ತುಕ್ಕು ಹಿಡಿಯಲ್ಲ. ಮುಂದುಗಡೆ ಕಸ ಹಿಡಿಯೋ ಬುಟ್ಟಿ ಇರುತ್ತೆ, ಮೇಲೆ ಒಳಗೆ ಕಾಣುವಂಥ ಮುಚ್ಚಳ. ನಮ್ಮ ಹಿತ್ತಲಲ್ಲಿ ಬೇವಿನ ಮರ ಇದೆ, ಯುಗಾದಿ ಹೊತ್ತಿಗೆ ಹೂವು ಉದುರೋಕೆ ಶುರುವಾದರೆ ಆ ಬುಟ್ಟಿಯನ್ನು ದಿನಕ್ಕೆ ಎರಡು ಸಲ ಬಡಿದು ಖಾಲಿ ಮಾಡಬೇಕು. ಬುಟ್ಟಿ ಇಲ್ಲದ ಮೋನೋಬ್ಲಾಕಿನಲ್ಲಿ ಅದೆಲ್ಲ ಪಂಪಿನೊಳಗೇ ಹೋಗುತ್ತಿತ್ತು.

ಈಗ ನಿಮ್ಮ ಲೆಕ್ಕ ಮಾಡೋಣ. 12 ಗುಣಿಸು 8 ಗುಣಿಸು ಮೂರೂವರೆ, 336 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದರೆ ಸುಮಾರು 9,500 ಲೀಟರ್, ಎರಡು ಸಣ್ಣ ಟ್ಯಾಂಕರ್ ನೀರು. ಮನೆ ಕೊಳದಲ್ಲಿ ಅಷ್ಟೂ ನೀರು ಆರು ಗಂಟೆಯಲ್ಲಿ ಒಂದು ಸಲ ಫಿಲ್ಟರ್ ದಾಟಬೇಕು ಅನ್ನೋದು ರೂಢಿ. ಮಕ್ಕಳೇ ಜಾಸ್ತಿ ಇಳಿಯೋದಾದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಆಗಲೂ ಗಂಟೆಗೆ 2,400 ಲೀಟರ್ ಹರಿದರೆ ಸಾಕು. ಅರ್ಧ ಎಚ್‌ಪಿ ಕೊಳದ ಪಂಪ್ ಇದರ ಎರಡು ಮೂರು ಪಟ್ಟು ಆರಾಮಾಗಿ ಕೊಡುತ್ತೆ. ಒಂದು ಎಚ್‌ಪಿ ಯಾಕೆ ಬೇಕು ಹೇಳಿ? ಕರೆಂಟ್ ಲೆಕ್ಕಾನೂ ನೋಡಿ: ಒಂದು ಎಚ್‌ಪಿ ಆರು ಗಂಟೆ ಓಡಿದರೆ ಹತ್ತಿರ ಹತ್ತಿರ 6 ಯೂನಿಟ್, ಅರ್ಧ ಎಚ್‌ಪಿ ಆದರೆ ಅದರಲ್ಲಿ ಅರ್ಧ. ಬೇಸಿಗೆಯಲ್ಲಿ ದಿನಾ ಓಡಿಸಬೇಕು ಅನ್ನೋದು ಮರೀಬೇಡಿ.

ಮರಳು ಫಿಲ್ಟರ್‌ನಲ್ಲಿ ನೋಡಬೇಕಾದ್ದು ಅದರ ಅಗಲ. ಒಂದು ಚದರ ಮೀಟರ್ ಮರಳಿನ ಮೇಲೆ ಗಂಟೆಗೆ 50 ಘನ ಮೀಟರ್ ದಾಟಿಸಬಾರದು, 30ರ ಹತ್ತಿರ ಇದ್ದರೆ ನೀರು ಇನ್ನೂ ತಿಳಿಯಾಗುತ್ತೆ. ಹಾಗೆ ನೋಡಿದರೆ 400 ಎಂಎಂ ಫಿಲ್ಟರ್‌ಗೆ ಗಂಟೆಗೆ ಹೆಚ್ಚೆಂದರೆ 6,300 ಲೀಟರ್, 500 ಎಂಎಂ ಫಿಲ್ಟರ್‌ಗೆ 9,800 ಲೀಟರ್. ಜೋರಾಗಿ ನುಗ್ಗುವ ನೀರು ಧೂಳನ್ನು ಮರಳಲ್ಲಿ ಬಿಟ್ಟು ಹೋಗಲ್ಲ, ಜೊತೆಗೇ ಎಳೆದುಕೊಂಡು ಹೋಗುತ್ತೆ. ಟೀ ಸೋಸುವಾಗ ಒಮ್ಮೆಲೇ ಸುರಿದರೆ ಚರಟ ಬೀಳಲ್ವಾ, ಹಾಗೇ. ಆದ್ದರಿಂದ ಅರ್ಧ ಎಚ್‌ಪಿ ಪಂಪಿಗೆ 500 ಎಂಎಂ ಫಿಲ್ಟರ್ ಹಾಕಿಸಿ. ಅದಕ್ಕಿಂತ ಸಣ್ಣ, ಕಾಲು ಎಚ್‌ಪಿಯದೋ ಮೂರರಲ್ಲಿ ಒಂದು ಎಚ್‌ಪಿಯದೋ ಪಂಪ್ ಸಿಕ್ಕರೆ 400 ಎಂಎಂ ಸಾಕು. ಪಂಪಿನ ಡಬ್ಬಿ ಮೇಲೆ ಬರೆದ ದೊಡ್ಡ ಅಂಕಿ ನಂಬಬೇಡಿ, ಅದು ಹೆಡ್ ಸೊನ್ನೆ ಇದ್ದಾಗಿನದು. 8 ರಿಂದ 10 ಮೀಟರ್ ಹೆಡ್‌ನಲ್ಲಿ ಎಷ್ಟು ಬರುತ್ತೆ ಅಂತ ಪಟ್ಟಿ ತೋರಿಸಿ ಅನ್ನಿ. ಜೋಡಿಸಿದ ಮೇಲೆ ವಾಪಸ್ ಪೈಪಿಗೆ 20 ಲೀಟರ್ ಬಕೆಟ್ ಹಿಡಿದು ನೋಡಿ. 12 ಸೆಕೆಂಡಿಗೆ ತುಂಬಿದರೆ ಗಂಟೆಗೆ 6,000 ಲೀಟರ್.

ಅಂಗಡಿಯಲ್ಲಿ ಕಾರ್ಟ್ರಿಡ್ಜ್ ಫಿಲ್ಟರ್ ಕೂಡ ತೋರಿಸುತ್ತಾರೆ, ಮರಳಿನ ಬದಲು ಮಡಿಕೆ ಮಡಿಕೆ ಬಟ್ಟೆಯಂಥದ್ದರಲ್ಲಿ ಸೋಸುವಂಥದ್ದು. ಅದು ಮರಳಿಗಿಂತ ಸಣ್ಣ ಧೂಳು ಹಿಡಿಯುತ್ತೆ, ಮರಳು 20 ರಿಂದ 40 ಮೈಕ್ರಾನ್ (ಎಂಎಂನ ಸಾವಿರದಲ್ಲಿ ಒಂದು ಭಾಗ), ಕಾರ್ಟ್ರಿಡ್ಜ್ 10 ರಿಂದ 15. ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಮರಳು ತೊಳೆದು ಹೊರಗೆ ಬಿಡೋದು) ಇಲ್ಲ, ನೀರೂ ಉಳಿಯುತ್ತೆ. ಕಾಗದದ ಮೇಲೆ ಅದೇ ಒಳ್ಳೇದು. ಆದರೆ ನಮ್ಮ ಕಡೆ ನಾನು ಬೇಡ ಅಂತೀನಿ. ನಿಮ್ಮಲ್ಲಿ ಅದಿರಿನ ಕೆಂಪು ಧೂಳು, ನಮ್ಮಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಬೆಳಿಗ್ಗೆ ಎದ್ದರೆ ನೀರಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತೆ. ಪರಿಚಯದವರೊಬ್ಬರು ಸಿಂಧನೂರಿನಲ್ಲಿ ಕಾರ್ಟ್ರಿಡ್ಜ್ ಹಾಕಿಸಿ ಮೂರು ದಿನಕ್ಕೊಮ್ಮೆ ಬಿಚ್ಚಿ ಮಡಿಕೆ ಮಡಿಕೆ ತೊಳೆದು ತೊಳೆದು ಸಾಕಾಗಿ, ಕೊನೆಗೆ ಮರಳಿಗೇ ಬಂದರು. ಬೋರ್ ನೀರು ಗಡಸಾಗಿದ್ದರೆ ಆ ಮಡಿಕೆಗಳಲ್ಲಿ ಸುಣ್ಣ ಬೇರೆ ಕೂರುತ್ತೆ. ಗಾಳಿ ತುಂಬುವ ಪುಟ್ಟ ಕೊಳಕ್ಕೆ ಕಾರ್ಟ್ರಿಡ್ಜ್ ನಡೆಯುತ್ತೆ, ನಿಮ್ಮದಕ್ಕೆ ಬೇಡ.

ಮರಳು ಅಂದರೆ ಹೊಳೆ ಮರಳಲ್ಲ, ದಯವಿಟ್ಟು. ಮುರಿದ ಬೆರಳು ಬದಲಾಯಿಸಿದ ಮೇಲೆ ನಮ್ಮ ಪ್ಲಂಬರ್ ಮತ್ತೆ ತುಂಬೋಕೆ ತುಂಗಭದ್ರೆ ಮರಳು ಎರಡು ಬುಟ್ಟಿ ತಂದಿದ್ದ, ಪುಕ್ಕಟೆ ಸಿಗುತ್ತಲ್ಲ ಅಂತ. ಒಂದು ವಾರ ಮಣ್ಣಿನ ಬಣ್ಣ ಬಿಡ್ತಾನೇ ಇತ್ತು. ಅರ್ಧದಿಂದ ಒಂದು ಎಂಎಂ ಒಳಗಿನ, ತೊಳೆದು ಜರಡಿ ಹಿಡಿದ ಸಿಲಿಕಾ ಮರಳೇ ಬೇಕು.

ಅಷ್ಟೆಲ್ಲ ಸರಿ ಮಾಡಿದರೂ ಹೊಟ್ಟಿನ ಬೂದಿಯಂಥ ನಯ ಪುಡಿ ಮರಳನ್ನೂ ದಾಟಿ ಬರುತ್ತೆ. ಅದಕ್ಕೆ ನಮ್ಮ ಅಜ್ಜಿ ಕಾಲುವೆ ನೀರಿಗೆ ಮಾಡುತ್ತಿದ್ದದ್ದೇ ಉಪಾಯ: ಪಟಿಕ. ರಾತ್ರಿ ಸ್ವಲ್ಪ ಕರಗಿಸಿ ಸುರಿದು ಪಂಪ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ತಳದಲ್ಲಿ ಕೂತಿರುತ್ತೆ. ಕದಡದ ಹಾಗೆ ವ್ಯಾಕ್ಯೂಮ್ ಪೈಪಿನಿಂದ ಎಳೆದು, ಫಿಲ್ಟರ್ ವಾಲ್ವನ್ನು 'ವೇಸ್ಟ್'ಗೆ ಇಟ್ಟು, ಮರಳಿಗೆ ಹೋಗದ ಹಾಗೆ ನೇರ ಹೊರಗೆ ಬಿಡಿ. ಜಾಸ್ತಿ ಸುರಿದರೆ ನೀರಿನ ಪಿಎಚ್ ಇಳಿಯುತ್ತೆ, ಅಂದರೆ ನೀರು ಹುಳಿಯಾಗುತ್ತೆ, ಹುಷಾರು. ಮಳೆಗಾಲದಲ್ಲಿ ಕಾಲುವೆಗೆ ಮೊದಲ ನೀರು ಬಿಟ್ಟಾಗ ಬರುವ ಕೆಂಪು ನೀರನ್ನು ಮಾತ್ರ ಕೊಳಕ್ಕೆ ತುಂಬಲೇಬೇಡಿ, ಹದಿನೈದು ದಿನ ತಡೆಯಿರಿ.

ಬ್ಯಾಕ್‌ವಾಶ್ ಯಾವಾಗ ಮಾಡೋದು ಅಂತ ಯಾರೂ ಸರಿಯಾಗಿ ಹೇಳಲ್ಲ. ಹೊಸ ಮರಳು ತುಂಬಿ ತೊಳೆದ ದಿನ ಫಿಲ್ಟರ್ ಮೇಲಿನ ಒತ್ತಡದ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಗುರುತು ಹಾಕಿ. ನಾನು ಮಗಳ ನೇಲ್ ಪಾಲಿಷ್‌ನಲ್ಲಿ ಗಾಜಿನ ಮೇಲೆ ಚುಕ್ಕೆ ಇಟ್ಟಿದ್ದೇನೆ, ಇನ್ನೂ ಹೋಗಿಲ್ಲ. ಮುಳ್ಳು ಅಲ್ಲಿಂದ 8-10 ಪಿಎಸ್‌ಐ (ಆಗಿನ ಕೆಜಿ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ) ಏರಿದಾಗ ಎರಡು ಮೂರು ನಿಮಿಷ ಬ್ಯಾಕ್‌ವಾಶ್, ಆಮೇಲೆ ವಾಲ್ವ್ 'ರಿನ್ಸ್'ಗೆ ಇಟ್ಟು ಅರ್ಧ ನಿಮಿಷ ಜಾಲಿಸಿ. 'ಸುಮ್ನೆ ದಿನಾ ಮಾಡಿದರೆ ಒಳ್ಳೇದಲ್ವಾ' ಅಂದರೆ ಅಲ್ಲ, ಒಂದು ಸಲಕ್ಕೆ 200-300 ಲೀಟರ್ ನೀರು ಹೋಗುತ್ತೆ. ಏಪ್ರಿಲ್-ಮೇನಲ್ಲಿ ಆ ನೀರಿಗೆ ಎಷ್ಟು ಬೆಲೆ ಅಂತ ನಿಮಗೂ ಗೊತ್ತು. ನಮ್ಮದು ಬೇವಿನ ಬುಡಕ್ಕೆ ಹೋಗುತ್ತೆ. ವಾಲ್ವ್ ಹಿಡಿ ತಿರುಗಿಸುವ ಮುಂಚೆ ಪಂಪ್ ಆಫ್ ಮಾಡಲೇಬೇಕು. ಓಡುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹೋಯಿತು ಅಂತಲೇ.

ಜೋಡಿಸುವಾಗ ಪಂಪನ್ನು ಕೊಳಕ್ಕೆ ಆದಷ್ಟು ಹತ್ತಿರ, ಆದರೆ ನೆರಳಲ್ಲಿ ಕೂರಿಸಿ. ನಮ್ಮ 40 ಡಿಗ್ರಿ ಬಿಸಿಲಲ್ಲಿ, ವೋಲ್ಟೇಜ್ ಬೇರೆ ಕಡಿಮೆ ಇದ್ದಾಗ ಮೋಟಾರ್ ಸುಡೋದು ಹೀಗೇ. ಮಧ್ಯಾಹ್ನ ಓಡಿಸೋದು ಬಿಟ್ಟು ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಮಾಡಿ. ಕ್ಲೋರಿನ್ ಕೂಡ ಸಂಜೆಯೇ ಹಾಕಿ, ಬಿಸಿಲಿಗೆ ಹಾಕಿದರೆ ಹಾರಿಹೋಗುತ್ತೆ. ನೀರು ಎಳೆಯುವ ಪೈಪ್ ಎರಡು ಇಂಚು ಇರಲಿ, ಎಲ್ಬೋ ಕಡಿಮೆ ಇರಲಿ.

ಎರಡು ವಿಷಯದಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡಿ. ಒಂದು, ಪಂಪಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್), ಜೊತೆಗೆ ಸರಿಯಾದ ಅರ್ತಿಂಗ್. ಒದ್ದೆ ಮೈಯಲ್ಲಿ ಮಕ್ಕಳು ಓಡಾಡುವ ಜಾಗ ಅದು. ಇನ್ನೊಂದು, ತಳದಲ್ಲಿ ನೀರು ಎಳೆಯುವ ತೂತು ಒಂದೇ ಇರಬಾರದು. ಮೂರಡಿ ಅಂತರದಲ್ಲಿ ಎರಡು ಇಟ್ಟು ಒಂದೇ ಪೈಪಿಗೆ ಸೇರಿಸಿ, ಎರಡಕ್ಕೂ ಉಬ್ಬು ಜಾಲರಿ ಹಾಕಿಸಿ. ಒಂದೇ ತೂತು ಇದ್ದು ಮೇಲೆ ಮಗು ಕೂತರೆ, ಅಥವಾ ಉದ್ದ ಕೂದಲು ಸಿಕ್ಕಿದರೆ, ದೊಡ್ಡವರಿಗೂ ಬಿಡಿಸೋಕೆ ಆಗಲ್ಲ. ಪಂಪ್ ದೊಡ್ಡದಾದಷ್ಟೂ ಆ ಎಳೆತ ಜಾಸ್ತಿ. ಒಂದು ಎಚ್‌ಪಿ ಬೇಡ ಅಂತ ನಾನು ಇಷ್ಟು ಹಟ ಮಾಡೋದಕ್ಕೆ ಅದೂ ಒಂದು ಕಾರಣ.

ನಿಮ್ಮದು ಬೋರ್ ನೀರಾ, ನಲ್ಲಿ ನೀರಾ ಅಂತ ಬರೆದಿಲ್ಲ. ಬೋರ್ ಆದರೆ ಒಂದು ಸಲ ಗಡಸುತನ ಟೆಸ್ಟ್ ಮಾಡಿಸಿ ಅಂಕಿ ಹಾಕಿ. ಪಂಪ್ ಇಡುವ ಜಾಗ ನೀರಿನ ಮಟ್ಟಕ್ಕಿಂತ ಕೆಳಗಿದೆಯಾ ಮೇಲಿದೆಯಾ ಅದನ್ನೂ ಹೇಳಿ. ಮೇಲಿದ್ದರೆ ತಾನೇ ನೀರು ಎಳೆದುಕೊಳ್ಳುವ ಪಂಪೇ ಬೇಕಾಗುತ್ತೆ, ಅಂಗಡಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದು ಗೊತ್ತಿರಬೇಕು.